ಆ ಸುದ್ದಿಯ ಉಳಿದರ್ಧವನ್ನೂ ಬರೆಯಿರಿ

ಸಂಪಾದಕರೇ, ನಮಸ್ಕಾರ.

ಜೀನ್ ಎಡಿಟಿಂಗ್‌ನಿಂದ, ಅಂದ್ರೆ ಡಿಎನ್‌ಎ ತಿದ್ದುವುದರಿಂದ, ಥಲಸ್ಸೇಮಿಯಾ (ಮೈಯಲ್ಲಿ ಸರಿಯಾದ ಹಿಮೋಗ್ಲೋಬಿನ್ ತಯಾರಾಗದ, ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ವಾಸಿ ಅಂತ ನಿಮ್ಮಲ್ಲಿ ಬಂದ ಸುದ್ದಿಯನ್ನು ನಮ್ಮಕ್ಕ ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ಅವಳ ಮಗಳಿಗೆ 9 ವರ್ಷ. ಮೂರು ವಾರಕ್ಕೊಮ್ಮೆ ಚಿಂತಾಮಣಿಯಿಂದ ಬೆಳಗಿನ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ರಕ್ತ ಹಾಕಿಸಿಕೊಂಡು ಬರಬೇಕು. ಹುಡುಗಿಗೆ ಎಷ್ಟು ರೂಢಿಯಾಗಿದೆ ಅಂದ್ರೆ, "ಈ ಕೈ ಬೇಡ ಸಿಸ್ಟರ್, ಹೋದ ಸಲ ಊದಿತ್ತು" ಅಂತ ಅವಳೇ ಇನ್ನೊಂದು ಕೈ ಚಾಚುತ್ತಾಳೆ.

ಸುದ್ದಿ ಸುಳ್ಳಲ್ಲ. ಕ್ಯಾಸ್ಜೆವಿ ಅನ್ನೋ ಚಿಕಿತ್ಸೆಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು, ಆಮೇಲೆ ಅಮೆರಿಕ. ರೋಗಿಯದೇ ಸ್ಟೆಮ್ ಸೆಲ್, ಅಂದ್ರೆ ರಕ್ತದ ಕಣ ಹುಟ್ಟಿಸುವ ಮೂಲ ಕೋಶ ತೆಗೆದು, ಲ್ಯಾಬಿನಲ್ಲಿ ಕ್ರಿಸ್ಪರ್ ಅನ್ನೋ ಡಿಎನ್‌ಎ ಕತ್ತರಿಯಿಂದ ಡಿಎನ್‌ಎಯ ಒಂದು ಜಾಗ ಕತ್ತರಿಸುತ್ತಾರೆ. ಮಗು ಹೊಟ್ಟೆಯಲ್ಲಿದ್ದಾಗ ತಯಾರಾಗಿ, ಹುಟ್ಟಿದ ಮೇಲೆ ಕಡಿಮೆಯಾಗುತ್ತಾ ಹೋಗುವ ಹಿಮೋಗ್ಲೋಬಿನ್ ಇದೆಯಲ್ಲ, ಅದು ಮತ್ತೆ ಶುರುವಾಗುತ್ತದೆ. ಕೇಳೋಕೆ ಚೆನ್ನಾಗಿದೆ. ಆದರೆ ಆ ಸೆಲ್ ವಾಪಸ್ ಹಾಕುವ ಮುಂಚೆ ಕೀಮೋ ಕೊಟ್ಟು ಮೂಳೆಯ ಮಜ್ಜೆ ಖಾಲಿ ಮಾಡಬೇಕು, ವಾರಗಟ್ಟಲೆ ಆಸ್ಪತ್ರೆಯಲ್ಲೇ ಇರಬೇಕು. ಮೊದಲು ಒಪ್ಪಿಗೆ ಸಿಕ್ಕಿದ್ದು 12 ವರ್ಷ ತುಂಬಿದವರಿಗೆ. ಅಮೆರಿಕದಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್! ಇದ್ಯಾವುದೂ ನಿಮ್ಮ ಸುದ್ದಿಯಲ್ಲಿ ಇರಲಿಲ್ಲ.

ಇರಲಿಲ್ಲ ಅಂದ್ರೆ ಏನಾಗುತ್ತೆ ಗೊತ್ತಾ? ಯಾವುದೋ ಕ್ಲಿನಿಕ್‌ನಿಂದ ಅಕ್ಕನಿಗೆ ಫೋನ್ ಬಂತು. ಸ್ಟೆಮ್ ಸೆಲ್ ಇಂಜೆಕ್ಷನ್, ನಾಲ್ಕು ಡೋಸ್, 6 ಲಕ್ಷ. ಇದು ಜೀನ್ ಎಡಿಟಿಂಗಾ ಅಂತ ನಾನು ಕೇಳಿದೆ. "ಅದೇ ಟೆಕ್ನಾಲಜಿ ಸಾರ್, ಪೇಪರ್‌ನಲ್ಲಿ ನೋಡಿಲ್ವಾ" ಅಂದ ಕ್ಲಿನಿಕ್‌ನವನು. ಭಾವ ಆಗಲೇ ಸೈಟು ಮಾರುವ ಮಾತು ತೆಗೆದಿದ್ದರು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಓದಿ ಹೇಳಿದ ಮೇಲೆ ಸುಮ್ಮನಾದರು. ರಕ್ತದ ಕಾಯಿಲೆ ಥರದ್ದಕ್ಕೆ ಮಾಡುವ ಮಜ್ಜೆ ಕಸಿ ಬಿಟ್ಟರೆ ಮಿಕ್ಕ ಸ್ಟೆಮ್ ಸೆಲ್ ಚಿಕಿತ್ಸೆಯೆಲ್ಲ ಟ್ರಯಲ್‌ನಲ್ಲಿ, ಅಂದ್ರೆ ಒಪ್ಪಿಗೆ ಪಡೆದ ಸಂಶೋಧನೆಯಲ್ಲಿ ಮಾತ್ರ ಮಾಡಬೇಕು, ಟ್ರಯಲ್ ಅಂದಮೇಲೆ ರೋಗಿಯಿಂದ ದುಡ್ಡು ಕೇಳುವಂತಿಲ್ಲ ಅಂತ ಅದರಲ್ಲಿದೆ.

ಮಜ್ಜೆ ಕಸಿಗೂ, ಅಂದ್ರೆ ಆರೋಗ್ಯವಂತರ ಮಜ್ಜೆಯ ಸ್ಟೆಮ್ ಸೆಲ್ ಹಾಕಿಸೋಕೂ ನೋಡಿದೆವು. ಒಡಹುಟ್ಟಿದವರದು ಹೊಂದುವ ಅವಕಾಶ ನಾಲ್ಕರಲ್ಲಿ ಒಂದು ಪಾಲು ಅಷ್ಟೇ. ಹುಡುಗಿಯ ತಮ್ಮನದು ಹೊಂದಲಿಲ್ಲ, ಪಾಪ ಅವನು ಅತ್ತುಬಿಟ್ಟ. ಹೊಂದಿದ ಮಕ್ಕಳ ಕಸಿಗೆ ಕೋಲ್ ಇಂಡಿಯಾದವರ ಥಲಸ್ಸೇಮಿಯಾ ಬಾಲ ಸೇವಾ ಯೋಜನೆಯಲ್ಲಿ 10 ಲಕ್ಷದವರೆಗೂ ನೆರವು ಸಿಗುತ್ತದೆ. ಇದನ್ನು ದೊಡ್ಡಕ್ಷರದಲ್ಲಿ ಹಾಕಿ ಸಾರ್, ನಮ್ಮ ಕಡೆ ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ. ಇನ್ನೊಂದ್ಸಲ ಇಂಥ ಸುದ್ದಿ ಬಂದಾಗ ಯಾವ ವಯಸ್ಸಿನವರಿಗೆ, ಎಷ್ಟು ಖರ್ಚು, ಇಲ್ಲಿ ಸಿಗುತ್ತಾ ಇಲ್ವಾ, ಮೂರೇ ಸಾಲು ಸೇರಿಸಿ.

ಆ ಕ್ಲಿನಿಕ್‌ನವರು ನಿನ್ನೆ ಮತ್ತೆ ಫೋನ್ ಮಾಡಿದ್ದರು. ಡಿಸ್ಕೌಂಟ್ ಕೊಡ್ತಾರಂತೆ.

– ಒಬ್ಬ ಓದುಗ, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ