ಸಾಕ್ಸ್‌ನ ಕಲೆ

ಪುಟ್ಟಿ,

ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಬರೆದು ಫೋಟೋ ಹೊಡೆದು ಕಳಿಸುತ್ತಿದ್ದೇನೆ. ಶನಿವಾರ ರಾತ್ರಿ ಹನ್ನೊಂದಾಗಿದೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಹೆಜ್ಜಾರ್ಲೆ ತಲೆ ಸವರಿಕೊಂಡು ಹಾರಿದ್ದು, ಕೇರೆಹಾವು ದಾರಿ ದಾಟಲಿ ಅಂತ ನೀನು ನಿಂತು ಕಾದದ್ದು, ಎಲ್ಲ ಓದಿ ಖುಷಿಯಾಯ್ತು. ಆಮೇಲೆ ಆ ಸಾಲು. ಮಂಗಳವಾರ ಬೆಳಗ್ಗೆ ಓಡುವಾಗ ಬೀದಿ ತಿರುವಿನಲ್ಲಿ ಕಂದು ನಾಯಿ ಅಟ್ಟಿಸಿಕೊಂಡು ಬಂತು, ಮೀನಖಂಡದ ಹತ್ತಿರ ತರಚಿದೆ ಅಷ್ಟೆ, ರಕ್ತ ಬಂದಿಲ್ಲ, ಅರಿಶಿನ ಹಚ್ಚಿದೆ, ಇಂಜೆಕ್ಷನ್ ಬೇಕಾಗಲ್ಲ ಅಲ್ವಾ ಅಂತ. ಸರಿ. ಆದರೆ ಕೊನೆಯಲ್ಲಿ ಇನ್ನೇನೋ ಹೇಳುವಾಗ ನೀನೇ ಬರೆದಿದ್ದೀಯ: ಹೊಸ ಬಿಳಿ ಸಾಕ್ಸ್‌ಗೆ ಅಂಟಿದ ಕಂದು ಚುಕ್ಕೆ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಆ ಚುಕ್ಕೆ ಏನು ಕಣೆ?

ಅದು ರಕ್ತವಾಗಿದ್ದರೆ ರೇಬೀಸ್ (ಹುಚ್ಚುನಾಯಿ ರೋಗ) ಲೆಕ್ಕದಲ್ಲಿ ನಿನ್ನದು ಎರಡನೇ ವರ್ಗದ ಗಾಯ ಅಲ್ಲ, ಮೂರನೆಯದು. ಒಡೆಯದ ಚರ್ಮವನ್ನು ನಾಯಿ ನೆಕ್ಕಿದರೆ ಒಂದನೇ ವರ್ಗ, ಅದಕ್ಕೆ ಏನೂ ಬೇಡ. ರಕ್ತ ಬಾರದ ತರಚು ಎರಡನೆಯದು, ಅದಕ್ಕೆ ಲಸಿಕೆ ಬೇಕೇ ಬೇಕು. ಒಂದು ಹನಿ ರಕ್ತ ಜಿನುಗಿದರೂ ಮೂರನೆಯದು. ಲಸಿಕೆಯ ಜೊತೆ ಗಾಯದ ಸುತ್ತಲೇ ಇಮ್ಯುನೋಗ್ಲಾಬ್ಯುಲಿನ್, ಅಂದರೆ ವೈರಸ್ಸನ್ನು ತಕ್ಷಣ ತಡೆಯುವ ಸಿದ್ಧ ಪ್ರತಿಕಾಯ, ಚುಚ್ಚಬೇಕು. ಅಂದರೆ ಕಲೆ ರಕ್ತದ್ದಲ್ಲದಿದ್ದರೂ ನಿನಗೆ ಇಂಜೆಕ್ಷನ್ ತಪ್ಪಿದ್ದಲ್ಲ. ಹಲ್ಲೋ ಉಗುರೋ ಅಂತ ವಾದ ಮಾಡಬೇಡ. ನಾಯಿ ಪಂಜ ನೆಕ್ಕುತ್ತಲೇ ಇರುತ್ತದೆ, ಜೊಲ್ಲು ಎರಡರಲ್ಲೂ ಇದ್ದದ್ದೇ.

ನಾಲ್ಕು ದಿನ ಆಗಿಹೋಯ್ತು ಅಂತ ಕೈಚೆಲ್ಲಬೇಡ. ಈ ವೈರಸ್ ರಕ್ತದಲ್ಲಿ ಓಡುವುದಿಲ್ಲ, ನರ ಹಿಡಿದು ಮೆದುಳಿನ ಕಡೆ ನಿಧಾನ ಹತ್ತುತ್ತದೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು. ಒಂದೇ ವಾರದಲ್ಲಿ ಕಾಣಿಸಿಕೊಂಡದ್ದೂ ಉಂಟು, ವರ್ಷ ದಾಟಿದ್ದೂ ಉಂಟು. ಲಕ್ಷಣ ಶುರುವಾದ ಮೇಲೆ ಮದ್ದಿಲ್ಲ. ಅದಕ್ಕೇ ತಡವಾದರೂ ಹೋಗು ಅನ್ನುತ್ತಿರುವುದು.

ಅರಿಶಿನದ ವಿಷಯಕ್ಕೆ ಬೈಯಬೇಕು ಅಂತಿದ್ದೆ, ಬೈಯಲ್ಲ. ನಮ್ಮ ಮನೆಗಳಲ್ಲಿ ಅರಿಶಿನ, ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಎಲ್ಲ ಹಚ್ಚಿದವರೇ. ಅವು ಗಾಯವನ್ನು ಕೆರಳಿಸುತ್ತವೆ, ವೈರಸ್ಸನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತವೆ. ಬೇಕಾದದ್ದು ಬರೀ ಬಟ್ಟೆ ಸೋಪು ಮತ್ತು ನಲ್ಲಿ ನೀರು, ಗಡಿಯಾರ ನೋಡಿಕೊಂಡು 15 ನಿಮಿಷ. ವೈರಸ್ಸಿನ ಮೇಲೆ ಕೊಬ್ಬಿನ ಪೊರೆ ಇರುತ್ತದೆ, ಸೋಪು ಅದನ್ನು ಕರಗಿಸುತ್ತದೆ. ಹದಿನೈದು ನಿಮಿಷ ನಲ್ಲಿ ಕೆಳಗೆ ಕಾಲಿಟ್ಟು ನಿಲ್ಲುವುದು ಎಷ್ಟು ಉದ್ದ ಅಂತ ನಿಂತವರಿಗೇ ಗೊತ್ತು. ಎಲ್ಲರೂ ಎರಡು ನಿಮಿಷಕ್ಕೆ ಮುಗಿಸಿಬಿಡುತ್ತಾರೆ. ಆ ದಿನ ನೀನು ತೊಳೆಯದಿದ್ದರೆ ಈಗಲಾದರೂ ತೊಳಿ. ಆಮೇಲೆ ಪೊವಿಡೋನ್ ಅಯೋಡಿನ್ ಅನ್ನುವ ಕ್ರಿಮಿನಾಶಕ ಹಚ್ಚು. ಬ್ಯಾಂಡೇಜ್ ಬೇಡ.

ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ಪದರದೊಳಗೆ ಕೊಡುತ್ತಾರೆ: ಎರಡು ತೋಳಿಗೂ 0.1 ಎಂ.ಎಲ್., 0, 3, 7, 28ನೇ ದಿನ. ಖಾಸಗಿಯಲ್ಲಿ ಸ್ನಾಯುವಿಗಾದರೆ 0, 3, 7, 14, 28. ಸೊನ್ನೆ ಅಂದರೆ ನಾಯಿ ತರಚಿದ ದಿನವಲ್ಲ, ಮೊದಲ ಸೂಜಿ ಬಿದ್ದ ದಿನ. ನಾಳೆ ಭಾನುವಾರ ತುರ್ತು ವಿಭಾಗಕ್ಕೆ ಹೋದರೆ ಮುಂದಿನದು ಬುಧವಾರ, ಆಮೇಲಿನದೆಲ್ಲ ಭಾನುವಾರವೇ. ತೋಳಿಗೆ ಹಾಕಿಸಿಕೋ, ಸೊಂಟಕ್ಕೆ ಬೇಡ. ಅಲ್ಲಿಯ ಕೊಬ್ಬಿನಲ್ಲಿ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ. ಇಮ್ಯುನೋಗ್ಲಾಬ್ಯುಲಿನ್ ಕುದುರೆಯ ರಕ್ತದಿಂದ ತೆಗೆದದ್ದಾದರೆ ಕೆಜಿಗೆ 40 ಯುನಿಟ್, ಮನುಷ್ಯರದಾದರೆ 20. ನಿನ್ನ 52 ಕೆಜಿಗೆ 2,080 ಅಥವಾ 1,040, ಅದು ಮೇಲಿನ ಮಿತಿ; ಗಾಯದ ಸುತ್ತ ಹಿಡಿಸುವಷ್ಟು ಚುಚ್ಚುತ್ತಾರೆ, ನೋಯುತ್ತದೆ. ಅದನ್ನು ಲಸಿಕೆಯ ಮೊದಲ ದಿನವೇ ಕೊಡಬೇಕು, ಸಿಗದಿದ್ದರೆ ಏಳು ದಿನದೊಳಗೆ. ಡಾಕ್ಟರಿಗೆ 'ತರಚಿದೆ ಅಷ್ಟೆ' ಅನ್ನಬೇಡ. ಸಾಕ್ಸ್ ವಿಷಯ ಹೇಳು.

ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಅಂತ ನಿನ್ನ ಅಮ್ಮ ಹೆದರಿಸಿರಬಹುದು. ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ, 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ಡಾಕ್ಟರ್ ತಯಾರಿಸಿದ್ದು. ನಮ್ಮ ದೇಶದಲ್ಲಿ ಅದು 2004ರ ಕೊನೆಯವರೆಗೂ ಇತ್ತು. ಐದಾರು ಸೂಜಿಗೇ ಸಾಕೆಂದು ಎದ್ದು ಹೋದವರನ್ನು ಆಗ ನಾನು ವಾರ್ಡಿನಲ್ಲಿ ನಿಂತು ಬೈದೆ. ಬೈಯುವ ಬದಲು ಅವರ ಮನೆ ಬಾಗಿಲಿಗೆ ಹೋಗಬೇಕಿತ್ತು, ಹೋಗಲಿಲ್ಲ. ನಿನಗೂ ಉಸಿರು, ಶೂ, ಲೇಸು ಎಲ್ಲ ಹೇಳಿಕೊಟ್ಟೆ, ಇದೊಂದನ್ನು ಬಿಟ್ಟೆ. ಅದೇ ಚುಚ್ಚುತ್ತಿದೆ.

ನಾಯಿಗೆ ಕಿವಿ ಕತ್ತರಿಸಿದ ಗುರುತಿದೆ, ಬೀದಿಯವರು ಅನ್ನ ಹಾಕುತ್ತಾರೆ ಅಂದೆಯಲ್ಲ. ಆ ಗುರುತು ಅಂದರೆ ಹಿಂದೊಮ್ಮೆ ಸಂತಾನಹರಣ ಮಾಡಿ ಲಸಿಕೆ ಹಾಕಿದ್ದಾರೆ ಅಂತ, ಈ ವರ್ಷವೂ ಹಾಕಿದ್ದಾರೆ ಅಂತಲ್ಲ. ಅನ್ನ ಹಾಕುವವರ ಹತ್ತಿರ ಒಂದು ಸಹಾಯ ಕೇಳು: ತರಚಿದ ದಿನದಿಂದ ಹತ್ತು ದಿನ, ಅಂದರೆ ಮುಂದಿನ ಶುಕ್ರವಾರದವರೆಗೆ, ನಾಯಿ ಮಾಮೂಲಿನಂತೆ ತಿನ್ನುತ್ತಿದೆಯೇ ನೋಡಲಿ. ಜೊಲ್ಲಿನಲ್ಲಿ ವೈರಸ್ ಬಂದ ನಾಯಿ ಅಷ್ಟರಲ್ಲಿ ಕಾಯಿಲೆ ಬೀಳುತ್ತದೆ. ನಾಯಿ ಚೆನ್ನಾಗಿದ್ದರೆ ಉಳಿದ ಡೋಸಿನ ಮಾತು ಡಾಕ್ಟರ್ ಹತ್ತಿರ ಆಡು. ಆದರೆ ನೋಡೋಣ ಅಂತ ಮೊದಲ ಸೂಜಿ ತಡಮಾಡಬೇಡ.

ಓಟ ಬಿಡಬೇಕಾ ಅಂತ ಕೇಳಿದ್ದೆ. ಬೇಡ ಕಣೆ. ಆ ತಿರುವು ಬರುವ ಮುಂಚೆ ನಡಿಗೆಗೆ ಇಳಿ. ಓಡುವ ಕಾಲನ್ನು ಅಟ್ಟುವುದು ನಾಯಿಯ ಹುಟ್ಟುಗುಣ. ಬಂದರೆ ನಿಂತುಬಿಡು, ಮೈ ಓರೆ ಮಾಡು, ಕಣ್ಣಿಗೆ ಕಣ್ಣಿಡಬೇಡ, ಗಟ್ಟಿಯಾಗಿ 'ಹಚಾ' ಅನ್ನು. ಬಗ್ಗಿ ಕಲ್ಲು ಎತ್ತಿದ ಹಾಗೆ ಮಾಡಿದರೆ ನಮ್ಮ ಬೀದಿನಾಯಿಗೆ ಅರ್ಥವಾಗುತ್ತದೆ, ಎಸೆಯಬೇಕಿಲ್ಲ. ಗುಂಪಿದ್ದರೆ ಗೋಡೆಗೆ ಬೆನ್ನು ಕೊಟ್ಟು ಅಡ್ಡಡ್ಡ ಸರಿ. ನೀನು ಅವುಗಳ ಗಡಿಯಿಂದ ಆಚೆ ಹೋದೆ ಅಂದರೆ ತಾವೇ ನಿಲ್ಲುತ್ತವೆ. ಕಾರ್ತೀಕದ ನಾಯಿ ಅಂತ ಹಿರಿಯರು ಸುಮ್ಮನೆ ಅನ್ನಲಿಲ್ಲ. ಆಗ ಅವಕ್ಕೆ ಬೆದೆ, ಸುಮಾರು 63 ದಿನಕ್ಕೆ ಮರಿ, ಹಾಗಾಗಿ ಸಂಕ್ರಾಂತಿ ಆಸುಪಾಸಿನಲ್ಲಿ ತಾಯಿನಾಯಿ ಇರುವ ಬೀದಿಯನ್ನೇ ಬಿಡು. ಚಾಮುಂಡಿ ಬೆಟ್ಟದ ಮೆಟ್ಟಿಲಿಗೆ ಕೈಯಲ್ಲಿ ಬಾಳೆಹಣ್ಣು, ಪ್ಲಾಸ್ಟಿಕ್ ಚೀಲ ಹಿಡಿದು ಹೋಗಬೇಡ. ಮಂಗನ ಮುಂದೆ ಹಲ್ಲು ಕಿರಿಯಬೇಡ. ಅದು ತರಚಿದರೂ ಇದೇ ಲಸಿಕೆ.

ಪೂರ್ತಿ ಕೋರ್ಸ್ ಮುಗಿಸಿದ ಕಾರ್ಡು ಜೋಪಾನ. ಮುಂದೆ ಎಂದಾದರೂ ಹೀಗಾದರೆ 0 ಮತ್ತು 3ನೇ ದಿನ ಎರಡೇ ಸಲ ಸಾಕು, ಇಮ್ಯುನೋಗ್ಲಾಬ್ಯುಲಿನ್ ಬೇಡ. ಓಡುವವಳಿಗೆ ಇದು ಲಾಭವೇ ಬಿಡು.

ನಾಳೆ ಹನ್ನೆರಡರೊಳಗೆ ಕಾರ್ಡಿನ ಫೋಟೋ ಬರಲಿ, ಇಲ್ಲದಿದ್ದರೆ ನಾನೇ ಬಸ್ ಹತ್ತುತ್ತೇನೆ.

ಸಾಕ್ಸನ್ನು ತಣ್ಣೀರಲ್ಲಿ ನೆನೆಸು. ಆಗಲೇ ಬಿಸಿನೀರಿಗೆ ಹಾಕಿದ್ದರೆ ಬಿಡು, ರಕ್ತದ ಕಲೆ ಹಾಗೆಯೇ ಕೂರುವುದು.

ನಿನ್ನ ದೊಡ್ಡಮ್ಮ