ಮೂರು ಕುರ್ಚಿಗಳಲ್ಲಿ ಒಂದು ಕಸ ಆಯುವವರಿಗೆ ಕೊಡಿ

ನಮ್ಮ ಪ್ರಭಾಗದ (ವಾರ್ಡಿನ) ನಾಲ್ವರೂ ನಗರಸೇವಕರಿಗೆ, ಅಂದರೆ ಕಾರ್ಪೊರೇಟರುಗಳಿಗೆ, ನಮಸ್ಕಾರ.

ಪತ್ರ ಕನ್ನಡದಲ್ಲಿದೆ ಅಂತ ಗಾಬರಿ ಬೇಡ. ಚುನಾವಣೆ ಹೊತ್ತಿಗೆ ನಿಮ್ಮ ಕರಪತ್ರ ನಮ್ಮ ಓಣಿಗೆ ಕನ್ನಡದಲ್ಲೇ ಬಂದಿತ್ತು, ಅಲ್ವಾ? ಮರಾಠಿ ಪ್ರತಿ ಬೇರೆ ಕಳಿಸಿದ್ದೇನೆ.

2022ರ ಮಾರ್ಚ್‌ನಿಂದ ಸುಮಾರು ನಾಲ್ಕು ವರ್ಷ ಪುಣೆ ಪಾಲಿಕೆಯಲ್ಲಿ ಜನ ಆರಿಸಿದವರೇ ಇರಲಿಲ್ಲ. ಈಗ ನೀವಿದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ: ಪ್ರಭಾಗ ಸಮಿತಿಯಲ್ಲಿ (ವಾರ್ಡ್ ಸಮಿತಿಯಲ್ಲಿ) ಸಂಘಸಂಸ್ಥೆಯವರಿಗೆ ಅಂತ ಇರುವ ಮೂರು ಕುರ್ಚಿಗಳಲ್ಲಿ ಒಂದನ್ನು ಕಸ ಆಯುವವರಿಗೆ ಕೊಡಿ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ. ನಮ್ಮ ಸೊಸೈಟಿಯ ಕಸ ಒಯ್ಯುವ ಅಕ್ಕ ಅಫಜಲಪುರ ಕಡೆಯವರು. ಇಲ್ಲಿ ಎಲ್ಲರಿಗೂ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ), ನನಗೆ ಮಾತ್ರ ಅಕ್ಕ. ಗೇಟಿನ ಪಕ್ಕದ ಶೆಡ್ಡಿನಲ್ಲಿ ಕೂತು ಹಸಿ ಕಸ, ಒಣ ಕಸ ಬೇರೆ ಮಾಡುತ್ತಿದ್ದರು. ವಾಸನೆ ಅಂತ ದೂರು ಬಂತು. ಆಗ ನಾನೇ ಸೆಕ್ರೆಟರಿ. ಕಮಿಟಿಯ ಏಳು ಜನ ಚಹಾ ಕುಡಿಯುತ್ತ ಹತ್ತೇ ನಿಮಿಷದಲ್ಲಿ ಆ ಶೆಡ್ಡನ್ನು ಬೈಕ್ ಪಾರ್ಕಿಂಗ್ ಮಾಡಿಬಿಟ್ಟೆವು. ಮರುದಿನ ನೋಡಿದರೆ ಧೋ ಅಂತ ಮಳೆ, ಅಕ್ಕ ತಲೆಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಫುಟ್‌ಪಾತ್ ಮೇಲೆ ಕೂತಿದ್ದಾರೆ, ಗುಜರಿಗೆ ಹೋಗಬೇಕಿದ್ದ ರಟ್ಟೆಲ್ಲ ನೆನೆದು ಮುದ್ದೆಯಾಗಿದೆ.

"ವಾಸನಿ ನನ್ನ ಕಸದ್ದಲ್ರೀ ಅಣ್ಣಾರ. ನಿಮ್ಮ ಮಂದಿ ಡೈಪರ್ ಹಂಗ ಒಗಿತಾರ, ಅದರದು. ನನ್ನ ಒಂದ್ ಮಾತ್ ಕೇಳಿದ್ರ ಹೇಳ್ತಿದ್ದೆ."

ನಾವು ಕೇಳಿರಲಿಲ್ಲ. ಡೈಪರ್, ಪ್ಯಾಡ್‌ಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆ ಇಟ್ಟು ಕೊಡಿ ಅಂತ ಈ ಊರಿನ ಮನೆಮನೆಗೆ ಹೇಳಿಕೊಟ್ಟಿದ್ದೇ ಅವರ 'ಸ್ವಚ್ಛ' ಸಂಸ್ಥೆ. ಕಸ ಆಯುವವರೇ ಸದಸ್ಯರಾಗಿರುವ ಸಹಕಾರಿ ಸಂಘ ಅದು. 1993ರಲ್ಲಿ 'ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್' ಅಂತ ಯೂನಿಯನ್ ಕಟ್ಟಿದರು, 2008ರಲ್ಲಿ ಈ ಸಂಘದ ಮೂಲಕ ಪಾಲಿಕೆ ಜೊತೆ ಒಪ್ಪಂದ ಮಾಡಿಕೊಂಡರು. ಮನೆಯಿಂದ ಕಸ ತರೋದು ಅವರು, ಮುಂದೆ ಲಾರಿಯಲ್ಲಿ ಸಾಗಿಸೋದು ಪಾಲಿಕೆ. ಮನೆಯವರು ಕೊಡುವ ತಿಂಗಳ ಶುಲ್ಕ, ಒಣ ಕಸ ಮಾರಿದ ದುಡ್ಡು, ಇದೇ ಅವರ ಗಳಿಕೆ. ಒಂದು ಕಡೆ ಫೈಲು ಮೇಲಿಂದ ಕೆಳಗೆ ಇಳಿಯುವ ಪಾಲಿಕೆ, ಇನ್ನೊಂದು ಕಡೆ ತಂತಮ್ಮ ಓಣಿಯನ್ನು ತಾವೇ ನೋಡಿಕೊಳ್ಳುವ ಮೂರು ಸಾವಿರಕ್ಕೂ ಜಾಸ್ತಿ ಜನ. ಕೆಲಸದಲ್ಲಿ ಇಬ್ಬರೂ ಕೂಡಿಯೇ ಇದ್ದಾರೆ. ಆದರೆ ಲಾರಿ ಎಷ್ಟು ಗಂಟೆಗೆ ಬರಬೇಕು, ಕಸ ಬೇರ್ಪಡಿಸೋಕೆ ಜಾಗ ಎಲ್ಲಿ ಅಂತ ತೀರ್ಮಾನ ಆಗುವ ಮೇಜಿನ ಸುತ್ತ ಈ ಅಕ್ಕನಂಥವರೂ ಕೂರಬೇಕಲ್ವಾ? ನಾವು ಏಳು ಜನ ಮಾಡಿದ್ದನ್ನೇ ನೀವೂ ದೊಡ್ಡದಾಗಿ ಮಾಡಬೇಡಿ ಅನ್ನೋದಷ್ಟೇ ನನ್ನ ಮಾತು.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಮಹಾರಾಷ್ಟ್ರದ ಪಾಲಿಕೆ ಕಾಯ್ದೆಯ 29ಎ ಕಲಂ ನೋಡಿ. ಪ್ರಭಾಗ ಸಮಿತಿಗೆ ಸ್ವಯಂಸೇವಾ ಸಂಸ್ಥೆ, ಸಮುದಾಯ ಸಂಘಟನೆಗಳಿಂದ ಮೂವರವರೆಗೆ ಸದಸ್ಯರನ್ನು ನಗರಸೇವಕರೇ ಹೆಸರಿಸಬಹುದು. ಆ ಕುರ್ಚಿಗಳಿಗೆ ಪಕ್ಷದವರ ಕಣ್ಣು ಇರುತ್ತದೆ, ಗೊತ್ತು. ಆದರೂ ಒಂದನ್ನು ಕಸ ಆಯುವವರ ಸಂಘಟನೆಗೆ ಬಿಡಿ. ಸಮಿತಿಯ ವ್ಯಾಪ್ತಿಯಲ್ಲಿ ಮತದಾರರಾಗಿರಬೇಕು ಅನ್ನೋ ಷರತ್ತು ಇದೆ. ಅಕ್ಕನ ಓಟು ಇಲ್ಲೇ ಇದೆ, ಬೆರಳಿನ ಶಾಯಿ ನಾನೇ ನೋಡಿದ್ದೇನೆ.

ಶೆಡ್ಡು ವಾಪಸ್ ಕೊಟ್ಟಿದ್ದೇವೆ. ಈಗ ನಮ್ಮ ಬೈಕುಗಳು ನೆನೆಯುತ್ತವೆ, ನೆನೆಯಲಿ.

ಇನ್ನೊಂದು ಮಾತು, ಸಭೆಯನ್ನು ಬೆಳಿಗ್ಗೆ ಇಡಬೇಡಿ. ಅಕ್ಕನ ಕೆಲಸ ಮುಗಿಯೋದು ಮಧ್ಯಾಹ್ನ ಎರಡಕ್ಕೆ.

ಇಂತಿ,
ನಿಮ್ಮ ಪ್ರಭಾಗದ ಒಬ್ಬ ಕನ್ನಡಿಗ