ಬಿಡದಿಗೆ ಒಬ್ಬಳೇ ಹೊರಟಿರುವ ಪುಟ್ಟಿಗೆ

ಮಂಡ್ಯ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಬಿಡದಿಯ ವಂಡರ್‌ಲಾ ಮನರಂಜನಾ ಪಾರ್ಕಿನ ರೆಸಾರ್ಟಿನಲ್ಲಿ ಎರಡು ದಿನ ಒಬ್ಬಳೇ ಇರಲು ಹೊರಟಿದ್ದೀಯೆಂದು ನಿನ್ನ ಅಮ್ಮ ಫೋನಿನಲ್ಲಿ ಕಳವಳಪಟ್ಟಳು. ಹೋಗಿ ಬರಲಿ ಬಿಡು ಎಂದೆ.

1988ರಲ್ಲಿ ಇಲಾಖೆಯ ಪರೀಕ್ಷೆ ಬರೆಯಲು ನಾನು ಒಬ್ಬಳೇ ಪರ ಊರಿಗೆ ಹೋಗಿದ್ದೆ. ‘ಜೊತೆಗೆ ಗಂಡಸರು ಯಾರೂ ಇಲ್ಲವೇ?’ ಎಂದು ಕೇಳಿ ಲಾಡ್ಜಿನವರು ಕೊಠಡಿ ಕೊಡಲಿಲ್ಲ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಚೀಲವನ್ನು ಅಪ್ಪಿಕೊಂಡು ಬೆಳಗು ಮಾಡಿದೆ. ಅದಕ್ಕೇ ಹೇಳುತ್ತೇನೆ: ಕೊಠಡಿಯನ್ನು ನಿನ್ನ ಹೆಸರಿನಲ್ಲೇ ಮುಂಗಡವಾಗಿ ಕಾಯ್ದಿರಿಸು. ರಸೀದಿ, ಆಧಾರ್ ಕೈಗೆ ಸಿಗುವಂತಿರಲಿ. ಕೌಂಟರಿನಲ್ಲಿ ‘ಒಬ್ಬರೇನಾ?’ ಎಂದರೆ ‘ಹೌದು’ ಎನ್ನು, ಸಮಜಾಯಿಷಿ ಕೊಡಬೇಡ. ಕೊಠಡಿಯ ಸಂಖ್ಯೆಯನ್ನು ನಾಲ್ಕು ಜನರ ಕಿವಿಗೆ ಬೀಳುವಂತೆ ಹೇಳಿದರೆ ಬೇರೆ ಕೊಠಡಿ ಕೇಳಿ ಪಡೆದುಕೊ. ಆದರೆ ಆಟೊದವರೋ ಸಾಲಿನಲ್ಲಿ ಮಾತಿಗಿಳಿದವರೋ ‘ಒಬ್ಬರೇನಾ?’ ಎಂದು ಕೇಳಿದರೆ ನಿಜ ಹೇಳಬೇಕಾದ ಹಂಗು ನಿನಗಿಲ್ಲ. ‘ನಮ್ಮವರು ಒಳಗಿದ್ದಾರೆ’ ಎಂದುಬಿಡು.

ಮೈಸೂರಿನಿಂದ ತಡೆರಹಿತ ಬಸ್ ಹತ್ತಬೇಡ, ಅದು ಬಿಡದಿಯಲ್ಲಿ ನಿಲ್ಲುವುದಿಲ್ಲ. ವಾರದ ನಡುವಿನ ದಿನಗಳಲ್ಲಿ ಹೋಗು. ನವೆಂಬರ್, ಡಿಸೆಂಬರಿನಲ್ಲಿ ಶಾಲಾ ಪ್ರವಾಸದ ಮಕ್ಕಳೇ ತುಂಬಿರುತ್ತಾರೆ.

ಪಾರ್ಕಿನ ಬಾಗಿಲು ತೆರೆಯುತ್ತಿದ್ದಂತೆ ದೊಡ್ಡ ಆಟಗಳನ್ನು ಮುಗಿಸಿಕೊ. ಜೋಡಿ ಆಸನದಲ್ಲಿ ಒಂದು ಖಾಲಿ ಉಳಿದರೆ ಕುಳಿತುಕೊಳ್ಳಲೇ ಎಂದು ನೀನಾಗಿಯೇ ಕೇಳು, ಒಂಟಿಯಾಗಿ ಬಂದವರಿಗೆ ಇರುವ ಅನುಕೂಲ ಅದು. ಹೋದ ವರ್ಷ ನಿನಗೆ ಕತ್ತು ಹಿಡಿದಿತ್ತಲ್ಲ, ರೋಲರ್ ಕೋಸ್ಟರಿನ ಹಿಂದಿನ ಸಾಲು ಬೇಡ. ದಿಣ್ಣೆ ಇಳಿಯುವಾಗ ಮುಂದಿನ ಡಬ್ಬಿಗಳು ಅದನ್ನು ಸರಕ್ಕನೆ ಎಳೆದುಕೊಳ್ಳುತ್ತವೆ, ಜೋರಾದ ಕುಲುಕು ಅಲ್ಲೇ. ನೋವು ಪೂರ್ತಿ ಹೋಗಿಲ್ಲವೆಂದರೆ ಆ ಆಟವನ್ನೇ ಬಿಡು. ದುಪಟ್ಟಾ, ಜುಮುಕಿ, ಚಿನ್ನದ ಸರ ಮನೆಯಲ್ಲೇ ಇರಲಿ. ಜಡೆಯನ್ನು ಮೇಲೆತ್ತಿ ಕಟ್ಟು. ನೀರಿನ ಆಟಗಳಿಗೆ ಹತ್ತಿಯ ಬಟ್ಟೆಯಲ್ಲಿ ಬಿಡುವುದಿಲ್ಲ. ನೈಲಾನಿನ ತುಂಬುತೋಳಿನ ಉಡುಪನ್ನು ಮೈಸೂರಿನಲ್ಲೇ ಕೊಂಡುಕೋ, ಒದ್ದೆಯಾದಾಗ ಅಂಟಿಕೊಳ್ಳದಷ್ಟು ಸಡಿಲವಾಗಿರಲಿ. ಪರ್ಸು, ಮೊಬೈಲ್ ಲಾಕರಿನಲ್ಲಿಡು. ಸ್ವಲ್ಪ ಹಣವನ್ನು ಬೇರೆಡೆ ಇಟ್ಟಿರು. ಯಾರಾದರೂ ಬೆನ್ನು ಬಿದ್ದರೆ ಅಥವಾ ಕೈ ತಾಗಿಸಿದರೆ ಜೋರಾಗಿ ಕನ್ನಡದಲ್ಲೇ ಗದರಿಸು, ಕಾವಲಿನವರನ್ನು ಕರೆ. ಅಗತ್ಯ ಬಿದ್ದರೆ 112ಕ್ಕೆ ಫೋನ್ ಮಾಡು. ಗಲಾಟೆಯಾಗುತ್ತದಲ್ಲ ಎಂದು ನುಂಗಿಕೊಳ್ಳಬೇಡ ಕಂದ. ನಾವೆಲ್ಲ ನುಂಗಿಕೊಂಡದ್ದು ಸಾಕು.

ನನಗೆ ಹಗಲಿನ ಚಿಂತೆಯಿಲ್ಲ, ಸಂಜೆಯದು ಇದೆ. ಊಟದ ಹೊತ್ತಿಗೆ ಸುತ್ತಲೂ ಸಂಸಾರಗಳು, ಮಕ್ಕಳು. ನಿನ್ನ ಮೇಜಿನಲ್ಲಿ ಒಂದೇ ತಟ್ಟೆ. ಯಾಕಾದರೂ ಬಂದೆನೋ ಎನಿಸಬಹುದು. ಕೊಠಡಿಗೆ ಓಡಿಹೋಗಬೇಡ. ಬಿಸಿಯಾಗಿ ಬೇಕಾದದ್ದನ್ನು ತರಿಸಿಕೊಂಡು ನಿಧಾನವಾಗಿ ಊಟ ಮಾಡು. ಆಮೇಲೆ ಒಳಗಿನ ಚಿಲಕ ಹಾಕಿಕೊಂಡು ನಿನ್ನ ಅಮ್ಮನಿಗೆ ಒಂದು ಫೋನ್ ಮಾಡು. ಗಂಟೆಗೊಮ್ಮೆ ಕರೆ ಮಾಡಬಾರದೆಂದು ಅವಳಿಂದ ಮಾತು ತೆಗೆದುಕೊಂಡಿದ್ದೇನೆ.

ಹಿಂದಿರುಗುವಾಗ ಮಂಡ್ಯದಲ್ಲಿ ಇಳಿ. ಒದ್ದೆ ಬಟ್ಟೆಗಳನ್ನು ಇಲ್ಲೇ ಒಗೆದು ಹಾಕೋಣ. ಉಪ್ಪಸಾರು, ಮುದ್ದೆ ಮಾಡಿಟ್ಟಿರುತ್ತೇನೆ.

ನಿನ್ನ,
ದೊಡ್ಡಮ್ಮ